ತೋಟದ ಮನೆಯ ಹುಡುಗಿ ಕೇಳಿದರೆ ಕಾರ್ಮಿಕರು ನಿಜ ಹೇಳುತ್ತಾರಾ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯವಳು. ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ತೋಟಗಳಲ್ಲಿ ದುಡಿಯುವ ಹೆಂಗಸರ ಬದುಕು ನನ್ನ ವಿಷಯ. ನಮ್ಮ ತಾಲ್ಲೂಕಿನ ಕಾಫಿ ತೋಟಗಳು, ಶ್ರೀಲಂಕಾದ ಹ್ಯಾಟನ್ ಸುತ್ತಿನ ಟೀ ತೋಟಗಳು, ಕೀನ್ಯಾದ ಕೆರಿಚೋದ ಟೀ ತೋಟಗಳು, ಈ ಮೂರು ಕಡೆ ಸಂದರ್ಶನ ಮಾಡಿದ್ದೇನೆ. ಊರಲ್ಲಿ ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರು, ‘ಅಮ್ಮಾವ್ರೇ’ ಎಂದು ಕುರ್ಚಿ ಹಾಕಿ, ‘ನಮಗೇನೂ ತೊಂದರೆ ಇಲ್ಲ’ ಅನ್ನುತ್ತಾರೆ. ಹ್ಯಾಟನ್‌ನಲ್ಲಿ ನನ್ನ ಹರಕುಮುರುಕು ತಮಿಳಿಗೆ ಖುಷಿಪಟ್ಟರು. ಆದರೆ ಸ್ವಲ್ಪ ಹೊತ್ತಿಗೇ ‘ಇಂಡಿಯಾದವರು ಕಟ್ಟಿಸುವ ಮನೆ ನಮಗೆ ಯಾವಾಗ?’ ಎಂದು ನನ್ನನ್ನೇ ಕೇಳಿದರು. ಕೆರಿಚೋದಲ್ಲಿ ನಾನು ‘ಮುಹಿಂದಿ’, ಅವರ ಸ್ವಾಹಿಲಿ ಭಾಷೆಯಲ್ಲಿ ಭಾರತೀಯಳು. ಅಂದರೆ ಅಂಗಡಿಯವರ, ಕಂಪನಿಯವರ ಪೈಕಿ. ಕರಡು ಓದಿದ ಪ್ರಾಧ್ಯಾಪಕರೊಬ್ಬರು ‘ನಿನ್ನ ಗುರುತೇ ಮಾಹಿತಿಯನ್ನು ಕೆಡಿಸಿದೆ’ ಎಂದು ಬರೆದಿದ್ದಾರೆ. ನಮ್ಮ ತೋಟದ ವಿಷಯ ಮುಚ್ಚಿಡಬೇಕಿತ್ತಾ? ಸ್ಥಳೀಯರನ್ನೇ ಕಳಿಸಿ ಮತ್ತೆ ಮಾಡಿಸಲಾ? ಇನ್ನೊಂದು ಮಾತು. ಹ್ಯಾಟನ್‌ನ ಒಬ್ಬ ಅಜ್ಜಿ, ಸುಳ್ಯದ ರಬ್ಬರ್ ತೋಟಕ್ಕೆ ಹೋದ ತನ್ನ ತಂಗಿಯನ್ನು ಹುಡುಕಿಕೊಡು ಅಂದಿದ್ದಾರೆ. ಇದೆಲ್ಲ ಸಂಶೋಧಕಿಯ ಕೆಲಸವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಕಲೆತುಹೋಗಿವೆ. ಜನ ನಿಮಗೆ ಪೂರ್ತಿ ನಿಜ ಹೇಳಲಿಲ್ಲ ಅನ್ನುವುದು ಒಂದು. ಬೇರೆ ಯಾರಾದರೂ ಹೋಗಿದ್ದರೆ ಪೂರ್ತಿ ನಿಜ ಸಿಗುತ್ತಿತ್ತು ಅನ್ನುವುದು ಇನ್ನೊಂದು. ಮೊದಲನೆಯದು ತಕ್ಕಮಟ್ಟಿಗೆ ಸರಿ. ಎರಡನೆಯದು ಸರಿಯಲ್ಲ. ನಿಮ್ಮ ಪ್ರಾಧ್ಯಾಪಕರ ಮಾತಿನ ಅಡಿಯಲ್ಲಿ ಇರುವುದು ಈ ಎರಡನೆಯ ನಂಬಿಕೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಗುರುತೇ ಇಲ್ಲದ ಸಂಶೋಧಕ ಯಾವ ಊರಿಗೂ ಹೋಗಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಜೆರಾಲ್ಡ್ ಬೆರೆಮನ್ 1957-58ರಲ್ಲಿ ಗಢವಾಲದ ಬೆಟ್ಟದ ಒಂದು ಹಳ್ಳಿಯಲ್ಲಿ ಕೆಲಸ ಮಾಡಿದರು. ಮೊದಲು ಅವರ ಜೊತೆ ದುಭಾಷಿಯಾಗಿ ಇದ್ದವನು ಬಯಲುಸೀಮೆಯ ಒಬ್ಬ ಬ್ರಾಹ್ಮಣ ಯುವಕ. ಅವನಿಗೆ ಕಾಯಿಲೆಯಾಯಿತು. ಅವನ ಜಾಗಕ್ಕೆ ವಯಸ್ಸಾದ ಒಬ್ಬ ಮುಸ್ಲಿಂ ಮೇಷ್ಟ್ರು ಬಂದರು. ಹಳ್ಳಿ ಅದೇ, ಜನ ಅವರೇ, ಕೇಳುತ್ತಿದ್ದ ಬಿಳಿಯನೂ ಅವನೇ. ಆದರೆ ಸಿಗುತ್ತಿದ್ದ ಮಾತು ಬದಲಾಯಿತು. ಬ್ರಾಹ್ಮಣನ ಎದುರು ಮೇಲ್ಜಾತಿಯವರು ತಾವು ಮಾಂಸ ತಿನ್ನುವುದು, ಹೆಂಡ ಕುಡಿಯುವುದು, ಪ್ರಾಣಿಬಲಿ ಕೊಡುವುದು ಎಲ್ಲವನ್ನೂ ಅಡಗಿಸುತ್ತಿದ್ದರು. ಬಯಲಿನ ಬ್ರಾಹ್ಮಣ ತಮ್ಮನ್ನು ಕೀಳಾಗಿ ನೋಡುತ್ತಾನೆ ಅನ್ನುವ ಅಳುಕು ಅವರಿಗಿತ್ತು. ಮುಸ್ಲಿಂ ಮೇಷ್ಟ್ರು ಬಂದ ಮೇಲೆ ಕೆಳಜಾತಿಯವರು ಮೇಲಿನವರ ಬಗ್ಗೆ ಬಿಚ್ಚಿ ಮಾತಾಡತೊಡಗಿದರು. ಬೆರೆಮನ್ ಇದನ್ನು ಮುಚ್ಚಿಡಲಿಲ್ಲ. 1962ರಲ್ಲಿ ಅದನ್ನೇ ಪ್ರಬಂಧವಾಗಿ ಬರೆದರು. ಯಾರ ಎದುರು ಯಾವುದನ್ನು ಅಡಗಿಸುತ್ತಾರೆ ಅನ್ನುವುದರಿಂದಲೇ ಆ ಊರಿನ ಜಾತಿವ್ಯವಸ್ಥೆ ಅವರಿಗೆ ಅರ್ಥವಾಯಿತು.

ನಿಮ್ಮ ಕೆಲಸಕ್ಕೂ ಇದೇ ದಾರಿ. ಹಳ್ಳಿಯಲ್ಲಾಗಲಿ ತೋಟದಲ್ಲಾಗಲಿ ನಿಮ್ಮ ಸಂಶೋಧನೆಯ ವಿಷಯ ಏನು ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇವಳು ಯಾರ ಕಡೆಯವಳು, ಹೇಳಿದ ಮಾತು ಯಾರ ಕಿವಿಗೆ ಹೋಗುತ್ತೆ, ಇವಳಿಂದ ನಮಗೆ ಏನಾಗಬಹುದು ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಮೇಲೆ ಉತ್ತರ ಬರುತ್ತದೆ. ಇದು ಸುಳ್ಳು ಹೇಳುವ ಚಟವಲ್ಲ, ದಿನಗೂಲಿ ಮಾಡುವವರಿಗೆ ಇರಲೇಬೇಕಾದ ಎಚ್ಚರ. ನಾವು ನೀವೂ ಆಫೀಸಿನಲ್ಲಿ ಹೀಗೇ ಮಾತಾಡುತ್ತೇವೆ ಅಲ್ವಾ?

ಈಗ ನಿಮ್ಮ ಮೂರು ಜಾಗ ನೋಡೋಣ. ನೀವು ಒಬ್ಬರೇ. ಆದರೆ ಮೂರು ಕಡೆ ಮೂರು ಚರಿತ್ರೆ ನಿಮಗಿಂತ ಮೊದಲೇ ಹೋಗಿ ಕೂತಿತ್ತು.

ಸಕಲೇಶಪುರದ್ದು ತಿಳಿಯುವುದು ಸುಲಭ. ಲೈನ್ ಮನೆ ತೋಟದವರದ್ದು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮಗಳ ಮದುವೆಗೆ, ಆಸ್ಪತ್ರೆಗೆ ತಗೊಂಡ ಮುಂಗಡ ತೀರಿರುವುದಿಲ್ಲ. ನೀವು ಬೇರೆ ತೋಟಕ್ಕೆ ಹೋಗಿದ್ದರೂ ತೋಟದವರೆಲ್ಲ ಒಬ್ಬರಿಗೊಬ್ಬರು ನೆಂಟರೋ ಪರಿಚಯದವರೋ ಆಗಿರುತ್ತಾರೆ ಎಂದು ಆ ಹೆಂಗಸರಿಗೆ ಗೊತ್ತು. ಮೇಸ್ತ್ರಿಯೋ ಲೆಕ್ಕ ಬರೆಯುವ ರೈಟರೋ ನಿಮ್ಮನ್ನು ಅಲ್ಲಿ ತನಕ ಬಿಟ್ಟುಹೋಗಿದ್ದರಂತೂ ಮುಗಿದೇ ಹೋಯಿತು. ‘ಏನೂ ತೊಂದರೆ ಇಲ್ಲ’ ಅನ್ನುವುದು ಆಗ ಒಂದೇ ಸುರಕ್ಷಿತ ಉತ್ತರ.

ಹ್ಯಾಟನ್‌ನ ವಿಷಯ ಬೇರೆ. ಅಲ್ಲಿನ ಮಲೆನಾಡ ತಮಿಳರ ಹಿರಿಯರನ್ನು ಬ್ರಿಟಿಷರು ತಮಿಳುನಾಡಿನಿಂದ ತೋಟದ ಕೆಲಸಕ್ಕೆ ಕರೆದೊಯ್ದಿದ್ದರು. ಸಿಲೋನಿಗೆ, ಅಂದರೆ ಇವತ್ತಿನ ಶ್ರೀಲಂಕಾಕ್ಕೆ, ಸ್ವಾತಂತ್ರ್ಯ ಬಂದ 1948ರಲ್ಲೇ ಪೌರತ್ವ ಕಾಯ್ದೆ ಬಂತು. ಅವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಅಲ್ಲಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಮತ್ತು ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ನಡುವೆ ಒಪ್ಪಂದ ಆಯಿತು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಎಂದು ಎರಡು ಸರ್ಕಾರ ಕೂತು ಹಂಚಿಕೊಂಡವು. ಆ ಜನರನ್ನು ಯಾರೂ ಕೇಳಲಿಲ್ಲ. ಅಕ್ಕ ಅಲ್ಲಿ ಉಳಿದು ತಂಗಿ ಇಲ್ಲಿಗೆ ಬಂದ ಮನೆಗಳು ಎಷ್ಟೋ ಇವೆ. ಉಳಿದವರ ಪೌರತ್ವದ ಪ್ರಶ್ನೆ ಪೂರ್ತಿ ಬಗೆಹರಿಯಲು 2003ರ ಕಾಯ್ದೆ ಬರಬೇಕಾಯಿತು. ಈಚೆಗೆ ಭಾರತ ಸರ್ಕಾರವೇ ಅಲ್ಲಿ ತೋಟದ ಕುಟುಂಬಗಳಿಗೆ ಮನೆ ಕಟ್ಟಿಸಿಕೊಡುತ್ತಿದೆ. 2017ರ ಮೇ ತಿಂಗಳಲ್ಲಿ ಪ್ರಧಾನಿ ಮೋದಿಯವರು ನಾರ್‌ವುಡ್‌ಗೆ ಹೋದಾಗ ಇನ್ನೂ 10,000 ಮನೆ ಕೊಡುವುದಾಗಿ ಹೇಳಿದ್ದರು. ನಾರ್‌ವುಡ್ ಹ್ಯಾಟನ್‌ಗೆ ಹತ್ತಿರ. ಹಾಗಿರುವಾಗ ಇಂಡಿಯಾದಿಂದ ಬಂದು, ತಮಿಳಿನಲ್ಲಿ ಮಾತಾಡಿ, ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿಯನ್ನು ಮನೆಯ ಬಗ್ಗೆ ಕೇಳದೆ ಇರುತ್ತಾರಾ? ನಿಮಗೆ ಸಿಕ್ಕ ಉತ್ತರಗಳಲ್ಲಿ ಕಷ್ಟದ ಮಾತು ಜಾಸ್ತಿ ಇರಬಹುದು. ಮನೆ ಸೋರುವುದು, ಶೌಚಾಲಯ ಇಲ್ಲದಿರುವುದು ಮುಂದೆ ಬಂದು, ತಾವೇ ಸಂಪಾದಿಸಿಕೊಂಡದ್ದು ಹಿಂದೆ ಸರಿದಿರಬಹುದು. ಫಲಾನುಭವಿ ಪಟ್ಟಿ ಮಾಡಲು ಬಂದವರ ಎದುರು ಯಾವ ಊರಿನ ಜನರೂ ಹಾಗೇ ಮಾತಾಡುತ್ತಾರೆ.

ಕೆರಿಚೋದಲ್ಲಿ ನಿಮ್ಮ ಮೇಲೆ ಒಂದಲ್ಲ, ಎರಡು ಗುರುತು ಬಿದ್ದಿವೆ. ಒಂದು ಭಾರತೀಯಳು ಅನ್ನುವುದು. 1896ರಿಂದ 1901ರ ತನಕ ರೈಲು ಹಳಿ ಹಾಕಲು ಸುಮಾರು 32,000 ಕೂಲಿಗಳನ್ನು ಬ್ರಿಟಿಷರು ಇಲ್ಲಿಂದ ಪೂರ್ವ ಆಫ್ರಿಕಾಕ್ಕೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ವಾಪಸ್ ಬಂದರು. ಆದರೆ ಅಂಗಡಿ, ವ್ಯಾಪಾರಕ್ಕೆ ಹೋದವರು ಅಲ್ಲೇ ಬೇರೂರಿದರು. ಹೀಗಾಗಿ ಸಾಮಾನ್ಯ ಕೀನ್ಯಾದವನ ಕಣ್ಣಿಗೆ ಭಾರತೀಯ ಅಂದರೆ ಅಂಗಡಿ ಮಾಲೀಕ, ಇಲ್ಲವೇ ಸಂಬಳ ಕೊಡುವವನು. 2017ರಲ್ಲಿ ಸರ್ಕಾರ ಏಷ್ಯನ್ನರನ್ನು ದೇಶದ 44ನೇ ಬುಡಕಟ್ಟು ಎಂದು ಮಾನ್ಯ ಮಾಡಿತು. ಅಷ್ಟಕ್ಕೇ ಹಳೆಯ ಚಿತ್ರ ಅಳಿಸಿಹೋಗುವುದಿಲ್ಲ. ಎರಡನೆಯ ಗುರುತನ್ನು ನೀವು ಗಮನಿಸಿದಂತಿಲ್ಲ. ಅದು ನಿಮ್ಮ ಬ್ರಿಟಿಷ್ ವಿಶ್ವವಿದ್ಯಾಲಯ. ಕೆರಿಚೋದ ಟೀ ತೋಟಗಳ ನೆಲ ಬ್ರಿಟಿಷ್ ಆಡಳಿತದಲ್ಲಿ ಕಿಪ್ಸಿಗಿಸ್ ಮತ್ತು ತಲಾಯ್ ಜನರಿಂದ ಕಿತ್ತುಕೊಂಡದ್ದು. ತಲಾಯ್ ಕುಟುಂಬಗಳನ್ನು 1934ರಲ್ಲಿ ಕಾನೂನು ಮಾಡಿಯೇ ಗ್ವಾಸಿ ಎಂಬ ದೂರದ ಜಾಗಕ್ಕೆ ಅಟ್ಟಿದರು. ಅವರ ವಂಶದವರು 2022ರಲ್ಲಿ ಬ್ರಿಟನ್ ವಿರುದ್ಧ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಗಿದ್ದಾರೆ. ಅದರ ಮೇಲೆ 2023ರ ಫೆಬ್ರುವರಿಯಲ್ಲಿ, ಅಲ್ಲಿನ ತೋಟಗಳಲ್ಲಿ ಮೇಲ್ವಿಚಾರಕರು ಹೆಂಗಸರ ಮೇಲೆ ನಡೆಸುವ ಲೈಂಗಿಕ ಶೋಷಣೆಯನ್ನು ಬಿಬಿಸಿ ಬಯಲಿಗೆ ತಂತು. ಇಷ್ಟೆಲ್ಲ ಆದ ಜಾಗಕ್ಕೆ ನೀವು ಬ್ರಿಟನ್ನಿನ ಪತ್ರ ಹಿಡಿದು, ಹೆಂಗಸರ ಬದುಕಿನ ಬಗ್ಗೆ ಕೇಳಲು ಹೋದಿರಿ. ಕಂಪನಿಯವಳಾ, ಪತ್ರಕರ್ತೆಯಾ, ವಕೀಲರ ಕಡೆಯವಳಾ ಎಂದು ಅವರು ಅಳೆದು ನೋಡಿದ್ದು ಸಹಜ.

ಇನ್ನು ‘ನಮ್ಮವರೇ ಕೇಳಿದರೆ ನಿಜ ಹೇಳುತ್ತಾರೆ’ ಅನ್ನುವ ನಂಬಿಕೆ. ಇದನ್ನು ನಾನು ವಿದ್ಯಾರ್ಥಿಗಳ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ನಮ್ಮ ನೆಲದ ಉದಾಹರಣೆಯೇ ಇದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನವರು, ಕನ್ನಡ ಬಲ್ಲವರು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದಕ್ಕೆ ಹೋದರು. ಅದಕ್ಕೆ ಅವರು ಇಟ್ಟ ಹೆಸರು ರಾಂಪುರ. ಆಕ್ಸ್‌ಫರ್ಡ್‌ನಿಂದ ಬಂದ ವಿದ್ವಾಂಸ ಎಂದು ಊರು ಅವರನ್ನು ನೋಡಲಿಲ್ಲ. ಬ್ರಾಹ್ಮಣ ಎಂದು ನೋಡಿತು. ಸ್ನಾನ ಆದ ಮೇಲೆ ಗಡ್ಡ ಮಾಡಿಕೊಂಡದ್ದಕ್ಕೂ ಆಕ್ಷೇಪ ಬಂತು. ಊರ ಪಟೇಲರ ಆಸರೆಯಲ್ಲಿ ಉಳಿದುಕೊಂಡದ್ದರಿಂದ ಅವರು ಕಂಡ ರಾಂಪುರ ಬಹುಪಾಲು ಮೇಲ್ಜಾತಿಯವರ ಕಣ್ಣಿನ ರಾಂಪುರ. ಇದನ್ನು ಅವರೇ ಬರೆದಿದ್ದಾರೆ. ಒಳಗಿನವನಾದ್ದರಿಂದ ಅವರಿಗೆ ತುಂಬ ವಿಷಯ ಸಿಕ್ಕಿತು. ಒಳಗಿನವನಾದ್ದರಿಂದಲೇ ಕೆಲವು ಬೀದಿಗಳಿಗೆ ಹೋಗುವುದು ಕಷ್ಟವಾಯಿತು.

ಅದೇ ಗುರುತು ಬಾಗಿಲು ತೆಗೆಯುವುದೂ ಉಂಟು. ಅಮೆರಿಕದ ಮಾನವಶಾಸ್ತ್ರಜ್ಞೆ ಲೀಲಾ ಅಬು-ಲುಘೋದ್ 1970ರ ದಶಕದ ಕೊನೆಯಲ್ಲಿ ಈಜಿಪ್ಟಿನ ಬೆದುಯಿನ್ ಜನರ ಹತ್ತಿರ ಹೋಗುವಾಗ ಅವರ ಅಪ್ಪ ಜೊತೆಯಲ್ಲಿ ಬಂದಿದ್ದರು. ಅಪ್ಪ ಪ್ಯಾಲೆಸ್ತೀನ್ ಮೂಲದ ಅರಬ್. ಮಗಳನ್ನು ಒಂದು ಮನೆಗೆ ಒಪ್ಪಿಸಿ ಹೋದರು. ಆಮೇಲೆ ಆಕೆ ಆ ಮನೆಯ ಮಗಳಂತೆ ನಡೆದುಕೊಳ್ಳಬೇಕಾಯಿತು. ಗಂಡಸರ ಕೂಟಕ್ಕೆ ಹೋಗುವ ಹಾಗಿರಲಿಲ್ಲ. ಆದರೆ ಹೆಂಗಸರು ತಮ್ಮತಮ್ಮಲ್ಲೇ ಹಾಡಿಕೊಳ್ಳುವ ಚಿಕ್ಕ ಕವಿತೆಗಳು ಆಕೆಗೆ ಕೇಳಿಸಿದವು. ಯಾರ ಜೊತೆಯೂ ಇಲ್ಲದೆ ಬಂದ ಹೆಂಗಸಿಗೆ ಆ ನಂಬಿಕೆ ಸಿಗುವುದು ಕಷ್ಟವಿತ್ತು. ನಿಮ್ಮ ವಯಸ್ಸು, ಮದುವೆ, ಮಕ್ಕಳ ಬಗ್ಗೆಯೂ ಮೂರು ಕಡೆ ಕೇಳಿರುತ್ತಾರೆ. ಅದಕ್ಕೆ ನೀವು ಕೊಟ್ಟ ಉತ್ತರದ ಮೇಲೆ ಯಾವ ಮಾತು ನಿಮ್ಮೆದುರು ಆಡಬಹುದು ಎಂದು ಹಿರಿಯ ಹೆಂಗಸರು ತೀರ್ಮಾನಿಸಿರುತ್ತಾರೆ. ಅದನ್ನೂ ನೆನಪು ಮಾಡಿಕೊಂಡು ಬರೆದಿಡಿ.

ತೋಟದ ವಿಷಯ ಮುಚ್ಚಿಡಬೇಕಿತ್ತಾ ಎಂದು ಕೇಳಿದ್ದೀರಿ. ಬೇಡ. ಊರಲ್ಲಂತೂ ಎರಡು ದಿನದಲ್ಲಿ ಗೊತ್ತಾಗಿಬಿಡುತ್ತದೆ. ಆಮೇಲೆ ನೀವು ಹೇಳಿದ ಬೇರೆ ಯಾವ ಮಾತನ್ನೂ ಜನ ನಂಬುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅವರ ಒಪ್ಪಿಗೆ ಪಡೆದು ಮಾತಾಡಿಸುತ್ತಿದ್ದೀರಿ. ಯಾರೊಡನೆ ಮಾತಾಡುತ್ತಿದ್ದೇವೆ ಎಂದು ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ನಿಮ್ಮನ್ನು ಕೂಲಿಯವರ ಮನೆ ಹುಡುಗಿ ಎಂದುಕೊಂಡು ಒಬ್ಬಳು ಮಾಲೀಕನನ್ನು ಬೈದಳು ಅನ್ನಿ. ಆಮೇಲೆ ನಿಜ ಗೊತ್ತಾದರೆ ಅವಳ ರಾತ್ರಿಯ ನಿದ್ದೆ ಏನಾಗಬೇಕು? ಹಾಗಂತ ಹ್ಯಾಟನ್‌ನಲ್ಲೂ ಕೆರಿಚೋದಲ್ಲೂ ಮೊದಲ ಮಾತಿಗೇ ಆಸ್ತಿಯ ವಿವರ ಕೊಡಬೇಕಿಲ್ಲ. ಕೇಳಿದಾಗ ನೇರವಾಗಿ ಹೇಳಿ. ಸಕಲೇಶಪುರದಲ್ಲಿ ಮಾತ್ರ ಕೇಳುವ ಮೊದಲೇ ಹೇಳಿ. ಯಾಕೆಂದರೆ ಅಪಾಯ ಇರುವುದು ಅಲ್ಲಿ.

ವೀಸಾ, ಪರವಾನಗಿಯ ವಿಷಯದಲ್ಲೂ ಮುಚ್ಚುಮರೆ ಬೇಡ. ಕೀನ್ಯಾದಲ್ಲಿ ಸಂಶೋಧನೆಗೆ ನ್ಯಾಕೋಸ್ಟಿ ಎಂಬ ಸರ್ಕಾರಿ ಆಯೋಗದ ಪರವಾನಗಿ ಬೇಕು. ನೀವು ತೆಗೆದುಕೊಂಡಿದ್ದೀರಿ ಅಂದುಕೊಳ್ಳುತ್ತೇನೆ. ಪರವಾನಗಿ ಇದ್ದರೂ ಪಾಸ್‌ಪೋರ್ಟು, ವಿಶ್ವವಿದ್ಯಾಲಯದ ಹೆಸರು ಅನುಮಾನ ಹುಟ್ಟಿಸಬಹುದು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಇಟಲಿಯ ವಿದ್ಯಾರ್ಥಿ ಜೂಲಿಯೋ ರೆಜೇನಿ ಕೈರೋದಲ್ಲಿ ಕಾರ್ಮಿಕ ಸಂಘಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದ. 2016ರ ಜನವರಿಯಲ್ಲಿ ಕಾಣೆಯಾದ. ಫೆಬ್ರುವರಿಯಲ್ಲಿ ಚಿತ್ರಹಿಂಸೆಯ ಗುರುತಿದ್ದ ಅವನ ಹೆಣ ಸಿಕ್ಕಿತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಗುರುತು ನಿಮ್ಮ ಮಾಹಿತಿಯ ಜೊತೆಗೆ ನಿಮ್ಮ ಜೀವವನ್ನೂ ಮುಟ್ಟುವ ವಿಷಯ ಎಂದು ಗೈಡ್‌ಗಳಿಗೂ ಎಥಿಕ್ಸ್ ಕಮಿಟಿಗಳಿಗೂ ಇನ್ನೂ ಸಾಕಷ್ಟು ತಟ್ಟಿಲ್ಲ.

ಸ್ಥಳೀಯರನ್ನು ಕಳಿಸುವುದು? ಕೆಲವು ಪ್ರಶ್ನೆಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಯಾವ ಸ್ಥಳೀಯರು ಎಂದು ಮೊದಲು ಕೇಳಿಕೊಳ್ಳಿ. ಕೆರಿಚೋ ಕಿಪ್ಸಿಗಿಸ್ ಜನರ ನಾಡು. ತೋಟದಲ್ಲಿ ದುಡಿಯುವವರಲ್ಲಿ ಕಿಸಿ, ಲುವೊ, ಲುಹ್ಯಾ ಮುಂತಾದ ಬೇರೆ ಸಮುದಾಯದವರೂ ತುಂಬ ಇದ್ದಾರೆ. 2007ರ ಡಿಸೆಂಬರ್ ಚುನಾವಣೆಯ ನಂತರ ದೇಶದಲ್ಲಿ ನಡೆದ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೆರಿಚೋದ ಟೀ ತೋಟಗಳಲ್ಲಿ ಹೊರಗಿನಿಂದ ಬಂದ ಸಮುದಾಯಗಳ ಕಾರ್ಮಿಕರ ಮೇಲೆ ದಾಳಿ ಆಯಿತು. ಅಂಥ ಕಡೆ ಕಿಪ್ಸಿಗಿಸ್ ಹುಡುಗನೊಬ್ಬ ನಿಮ್ಮ ಪರವಾಗಿ ಕಿಸಿ ಹೆಂಗಸಿನ ಬಾಗಿಲು ತಟ್ಟಿದರೆ, ಮುಹಿಂದಿಗೆ ಹೇಳುವಷ್ಟನ್ನೂ ಅವಳು ಅವನಿಗೆ ಹೇಳಲಾರಳು. ಹೊರಗಿನವಳಾಗಿರುವುದೇ ಅಲ್ಲಿ ನಿಮಗೆ ಅನುಕೂಲ. ನೀವು ಆ ಜಗಳದ ಯಾವ ಕಡೆಗೂ ಸೇರಿದವರಲ್ಲ. ಇನ್ನೊಂದು ಕಷ್ಟವೂ ಇದೆ. ನೀವು ವಿಮಾನ ಹತ್ತಿ ಬರುತ್ತೀರಿ. ಸಹಾಯಕರು ಅಲ್ಲೇ ಬದುಕಬೇಕು. ಕಂಪನಿಗೆ ಕೋಪ ಬಂದರೆ ಅನುಭವಿಸುವವರು ಅವರು. ಹಾಗಾಗಿ ಸಹಾಯಕರನ್ನು ತಗೊಂಡರೆ ಸಂಬಳ, ಅಪಾಯ, ಬರವಣಿಗೆಯಲ್ಲಿ ಹೆಸರು ಹಾಕಬೇಕೋ ಬೇಡವೋ, ಎಲ್ಲವನ್ನೂ ಮೊದಲೇ ಕೂತು ಮಾತಾಡಿಕೊಳ್ಳಿ.

ನಾನಾದರೆ ಎಲ್ಲವನ್ನೂ ಮತ್ತೆ ಮಾಡಿಸುವುದಿಲ್ಲ. ಸಕಲೇಶಪುರದಲ್ಲಿ ಮಾತ್ರ ಕೆಲವು ಮನೆಗಳಿಗೆ ಬೇರೆ ದಾರಿಯಿಂದ ಹೋಗುತ್ತೇನೆ. ತೋಟದ ಗೇಟಿನಿಂದಲ್ಲ. ಸ್ವಸಹಾಯ ಸಂಘದ ಸಭೆ, ಅಂಗನವಾಡಿ, ವಾರದ ಸಂತೆ, ಇಲ್ಲವೇ ಕಾರ್ಮಿಕ ಸಂಘದವರ ಮೂಲಕ. ಪ್ರತಿ ದಾರಿಗೂ ಅದರದೇ ಬಣ್ಣ ಇರುತ್ತದೆ. ಸಂಘದವರ ಜೊತೆ ಹೋದರೆ ಜನ ದೂರನ್ನೇ ಹೇಳುತ್ತಾರೆ. ಎರಡು ದಾರಿಯಿಂದ ಬಂದ ಮಾತನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲಿ ಹೊಂದುತ್ತದೆ, ಎಲ್ಲಿ ಒಡೆಯುತ್ತದೆ ಎಂದು ಕಾಣುತ್ತದೆ. ಒಡೆಯುವ ಜಾಗವೇ ನಿಮ್ಮ ಅಧ್ಯಾಯದ ಗಟ್ಟಿ ಭಾಗ. ಒಂದು ಎಚ್ಚರಿಕೆ ಮಾತ್ರ ಇರಲಿ. ತೋಟದವರಿಗೆ ಗೊತ್ತಿಲ್ಲದಂತೆ ಹೆಂಗಸರನ್ನು ಹೊರಗೆ ಭೇಟಿಯಾದರೆ, ಗೊತ್ತಾದ ದಿನ ಪೆಟ್ಟು ಬೀಳುವುದು ಅವರಿಗೆ. ಎಲ್ಲಿ ಸಿಗಬೇಕು ಎಂದು ಅವರೇ ಹೇಳಲಿ. ಬೇಡ ಅಂದರೆ ಬಿಟ್ಟುಬಿಡಿ.

ನಿಮ್ಮಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಗುರುತಿನ ನೆರಳು ಎಲ್ಲದರ ಮೇಲೂ ಒಂದೇ ಥರ ಬೀಳುವುದಿಲ್ಲ. ಲೈನ್ ಮನೆಯ ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ನೀರಿನ ನಲ್ಲಿ ಎಷ್ಟು ದೂರ, ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ, ತೂಕ ಮಾಡುವಾಗ ಏನೇನು ಕಳೆಯುತ್ತಾರೆ ಅನ್ನುವುದು ಯಾರು ಕೇಳಿದರೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ನೀವು ಕಣ್ಣಾರೆ ನೋಡಿಯೂ ಇರುತ್ತೀರಿ. ಮಾಲೀಕರು ಹೇಗೆ, ಮೇಲ್ವಿಚಾರಕ ಹೇಗೆ, ಸಂಬಳ ಸಾಕಾ ಅನ್ನುವ ಪ್ರಶ್ನೆಗಳ ಮೇಲೆ ನೆರಳು ದಟ್ಟವಾಗಿ ಬೀಳುತ್ತದೆ. ‘ಏನೂ ತೊಂದರೆ ಇಲ್ಲ’ ಅನ್ನುವುದನ್ನು ಅವರು ನೆಮ್ಮದಿಯಾಗಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಮಾಡಬೇಡಿ. ತೋಟದ ಮನೆಯ ಹುಡುಗಿಗೆ ಎಷ್ಟು ಹೇಳಬಹುದು ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಹಾಗೆಂದೇ ಬರೆಯಿರಿ.

ಅದಕ್ಕೆ ನಿಮ್ಮ ಫೀಲ್ಡ್ ನೋಟ್ಸ್‌ಗೆ ವಾಪಸ್ ಹೋಗಬೇಕು. ಪ್ರತಿ ಸಂದರ್ಶನದ ಮೇಲೂ ಐದಾರು ಸಾಲು ಸೇರಿಸಿ. ಅಲ್ಲಿಗೆ ಯಾರು ಕರೆದುಕೊಂಡು ಹೋದರು, ನೀವು ಕುರ್ಚಿಯಲ್ಲಿ ಕೂತಿರಾ ನೆಲದ ಮೇಲಾ, ಮಾತು ಕೇಳುವಷ್ಟು ಹತ್ತಿರದಲ್ಲಿ ಯಾರಿದ್ದರು, ನಿಮ್ಮನ್ನು ಏನೆಂದು ಕರೆದರು, ದನಿ ಎಲ್ಲಿ ಇಳಿಯಿತು, ರೆಕಾರ್ಡರ್ ಆಫ್ ಮಾಡಿದ ಮೇಲೆ ಏನು ಹೇಳಿದರು. ಆಫ್ ಮಾಡಿದ ಮೇಲೆ ಹೇಳಿದ್ದನ್ನು ಬಳಸುವುದಕ್ಕೆ ಅವರನ್ನು ಮತ್ತೆ ಕೇಳಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ನಿಮ್ಮನ್ನು ಕೇಳಿದ ಪ್ರಶ್ನೆಗಳನ್ನು ಬರೆದಿಡಿ. ಸಂಶೋಧಕರು ಸಾಮಾನ್ಯವಾಗಿ ಇವನ್ನು ಬಿಟ್ಟುಬಿಡುತ್ತಾರೆ. ‘ಮನೆ ಯಾವಾಗ ಸಿಗುತ್ತೆ’ ಅನ್ನುವ ಒಂದು ಪ್ರಶ್ನೆಯಲ್ಲಿ ಹ್ಯಾಟನ್‌ನ ಹೆಂಗಸರು ಎರಡು ಸರ್ಕಾರಗಳ ಜೊತೆಗಿನ ತಮ್ಮ ಸಂಬಂಧವನ್ನೇ ಹೇಳಿದ್ದಾರೆ.

ನಿಮ್ಮ ಗೈಡ್ ಥೀಸಿಸ್‌ನ ಮೊದಲ ಅಧ್ಯಾಯದಲ್ಲಿ ಸಂಶೋಧಕಿಯ ಹಿನ್ನೆಲೆಯ ಬಗ್ಗೆ ಒಂದು ಪ್ಯಾರಾ ಬರೆಯಲು ಹೇಳುತ್ತಾರೆ. ಈಗ ಎಲ್ಲ ಕಡೆ ಅದು ರೂಢಿ. ‘ನಾನು ಹೆಣ್ಣು, ಭಾರತೀಯಳು, ಇಂಥ ಜಾತಿಯವಳು, ತೋಟ ಇರುವ ಮನೆಯವಳು’ ಎಂದು ಪಟ್ಟಿ ಕೊಟ್ಟು, ಮುಂದಿನ ಇನ್ನೂರು ಪುಟಗಳಲ್ಲಿ ಅದರ ಸುದ್ದಿಯೇ ಎತ್ತದ ಥೀಸಿಸ್‌ಗಳನ್ನು ಓದಿ ನನಗೆ ಬೇಸರ ಬಂದಿದೆ. ಆ ಪಟ್ಟಿಯಿಂದ ಓದುಗರಿಗೆ ಏನೂ ಸಿಗುವುದಿಲ್ಲ. ಯಾವ ಸಂದರ್ಶನದಲ್ಲಿ, ಯಾವ ಮಾತಿನ ಮೇಲೆ, ನಿಮ್ಮ ಯಾವ ಗುರುತು ಕೆಲಸ ಮಾಡಿತು ಎಂದು ಅಲ್ಲಲ್ಲೇ ತೋರಿಸಿ. ಪ್ರಾಧ್ಯಾಪಕರಿಗೂ ಅದನ್ನೇ ಬರೆಯಿರಿ. ಅವರು ಎತ್ತಿದ ಅನುಮಾನ ಸರಿಯೇ, ಆದರೆ ಅದು ಮೂರು ಕಡೆ ಮೂರು ರೀತಿಯಲ್ಲಿ ಕೆಲಸ ಮಾಡಿದೆ, ಅದನ್ನು ಹೋಲಿಸಿ ನೋಡುವುದೇ ಈಗ ನಿಮ್ಮ ಅಧ್ಯಾಯ ಎಂದು ಹೇಳಿ. ಯಾವ ತೀರ್ಮಾನಗಳನ್ನು ಕೈಬಿಡುತ್ತಿದ್ದೀರಿ ಎಂದೂ ಹೇಳಿ. ಸಕಲೇಶಪುರದ ಹೆಂಗಸರು ಮಾಲೀಕರ ಬಗ್ಗೆ ತೃಪ್ತಿಯಿಂದ ಇದ್ದಾರೆ ಎಂದು ಬರೆದಿದ್ದರೆ ಅದನ್ನು ತೆಗೆಯಲೇಬೇಕು.

ಇನ್ನು ಹ್ಯಾಟನ್‌ನ ಅಜ್ಜಿ. ಅವರು ಹೇಳಿದ್ದು ನಿಜವಿರುವ ಸಾಧ್ಯತೆ ತುಂಬ ಇದೆ. ಶಾಸ್ತ್ರಿ ಒಪ್ಪಂದದಲ್ಲಿ ವಾಪಸ್ ಬಂದ ಕುಟುಂಬಗಳಿಗೆ ಕೆಲಸ ಕೊಡಲೆಂದೇ ಸುಳ್ಯ, ಪುತ್ತೂರು ಕಡೆ ಸರ್ಕಾರ ರಬ್ಬರ್ ತೋಟ ಹಾಕಿತು. ಅದನ್ನು ನೋಡಿಕೊಳ್ಳುವುದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ. ಆ ಕಾಲೊನಿಗಳಲ್ಲಿ ಇವತ್ತಿಗೂ ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ನಿಮ್ಮೂರಿನಿಂದ ಸುಳ್ಯ ಅಷ್ಟೇನೂ ದೂರವಲ್ಲ. ಅಜ್ಜಿ ಇಂಡಿಯಾದವಳನ್ನು ಕೇಳಿದ್ದು ಸರಿಯಾಗಿಯೇ ಇದೆ.

ಹುಡುಕಿ. ಸಂಶೋಧಕಿ ಅನ್ನುವ ಕಾರಣಕ್ಕೆ ಮನುಷ್ಯರು ಮಾಡುವ ಸಹಾಯವನ್ನು ಬಿಡಬೇಕಿಲ್ಲ. ಆದರೆ ಸಂದರ್ಶನಕ್ಕೆ ಪ್ರತಿಯಾಗಿ ಎಂಬಂತೆ ಆಗಬಾರದು. ‘ಪ್ರಯತ್ನ ಮಾಡುತ್ತೇನೆ, ಸಿಗದೆಯೂ ಇರಬಹುದು’ ಎಂದು ಅಜ್ಜಿಗೆ ಈಗಲೇ ಸ್ಪಷ್ಟವಾಗಿ ಹೇಳಿ. ಅಜ್ಜಿಯಿಂದ ತಂಗಿಯ ಹೆಸರು, ಗಂಡನ ಹೆಸರು, ಬಿಟ್ಟುಹೋದ ತೋಟದ ಹೆಸರು, ಹೋದ ವರ್ಷ ಇಷ್ಟನ್ನು ಬರೆಸಿಕೊಳ್ಳಿ. ಯಾರಿಗೆ ತೋರಿಸಬಹುದು ಎಂದೂ ಕೇಳಿಕೊಳ್ಳಿ. ತಂಗಿಯೋ ಅವರ ಮನೆಯವರೋ ಸುಳ್ಯದಲ್ಲಿ ಸಿಕ್ಕರೆ, ಅವರ ಒಪ್ಪಿಗೆ ಇಲ್ಲದೆ ವಿಳಾಸವನ್ನಾಗಲಿ ಫೋನ್ ನಂಬರನ್ನಾಗಲಿ ಹ್ಯಾಟನ್‌ಗೆ ಕಳಿಸಬೇಡಿ. ಇಷ್ಟು ವರ್ಷ ಯಾಕೆ ಸಂಪರ್ಕ ತಪ್ಪಿತು ಎಂದು ನಮಗೆ ಗೊತ್ತಿಲ್ಲ. ಎರಡೂ ಕಡೆಯವರು ಒಪ್ಪಿದ ಮೇಲೆ ನಂಬರ್ ಕೊಟ್ಟು ನೀವು ಪಕ್ಕಕ್ಕೆ ಸರಿಯಿರಿ. ಮೊದಲ ಕರೆಯನ್ನು ರೆಕಾರ್ಡ್ ಮಾಡುವ ಆಸೆಯಾಗಬಹುದು. ಮಾಡಬೇಡಿ. ಈ ಕಥೆ ಥೀಸಿಸ್‌ಗೆ ಬೇಕು ಅನ್ನಿಸಿದರೆ ಸ್ವಲ್ಪ ಕಾಲ ಬಿಟ್ಟು, ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ.